ಹಪ್ಪಳದ ಶೆಡ್ಡು ಮತ್ತು 14 ಓಡಾಟ: ಉಡುಪಿ ಜಿಲ್ಲೆಯ ಒಂದು ಪ್ರಕರಣ

ಸಣ್ಣ ಉದ್ಯಮಕ್ಕೆ ಅಡ್ಡಿ ಯಾವುದು ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಎರಡೇ. ಒಂದು ಸಾಲ, ಇನ್ನೊಂದು ಮಾರುಕಟ್ಟೆ. ನಾನು ಹೇಳಹೊರಟ ಪ್ರಕರಣದಲ್ಲಿ ಕೊಳ್ಳುವವರು ಇದ್ದರು. ಸಾಲದ ಯೋಜನೆಯೂ ಇತ್ತು. ಕೈಯಲ್ಲಿ ಕಸುಬು ಮೊದಲೇ ಇತ್ತು. ಆದರೂ 11 ಮಂದಿ ಹೆಂಗಸರು ಒಂದು ಇಡೀ ಹಲಸಿನ ಸೀಸನ್ ಕಳೆದುಕೊಂಡರು. ಅದು ಯಾಕೆ ಹಾಗಾಯಿತು, ಆಮೇಲೆ ಹೇಗೆ ದಾರಿ ಸಿಕ್ಕಿತು ಎಂಬುದನ್ನು ಬರೆದಿಟ್ಟರೆ ಬೇರೆ ಊರಿನವರಿಗೂ ಉಪಯೋಗ ಆಗಬಹುದು ಅನಿಸಿತು.

ಇದು ಉಡುಪಿ ಜಿಲ್ಲೆಯ ಒಂದು ಹಳ್ಳಿಯಲ್ಲಿ 2021ರ ಕೊನೆಯಿಂದ 2024ರ ಮಳೆಗಾಲದವರೆಗೆ ನಡೆದದ್ದು. ಊರು, ಸಂಘ, ಕಚೇರಿ, ಬ್ಯಾಂಕು ಯಾವುದರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಈ ಸಂಘದ ಲೆಕ್ಕಪತ್ರಕ್ಕೆ ಸಹಾಯ ಮಾಡುತ್ತಿದ್ದೆ. ಹೆಚ್ಚಿನದನ್ನು ಹತ್ತಿರದಿಂದ ನೋಡಿದ್ದೇನೆ, ಕೆಲವು ತಪ್ಪು ಸಲಹೆ ನನ್ನದೇ ಆಗಿತ್ತು.

ಹಿನ್ನೆಲೆ

ಈ 11 ಮಂದಿಯ ಸಂಘದವರು ವರ್ಷಗಳಿಂದ ಹಲಸಿನ ಹಪ್ಪಳ, ಸೋಂಟೆ (ಚಿಪ್ಸ್), ಮಾಂಬಳ (ಹಣ್ಣಿನ ರಸ ಒಣಗಿಸಿದ ಹಾಳೆ) ಮಾಡುತ್ತಿದ್ದರು. ಅವರವರ ಮನೆಯ ಅಂಗಳದಲ್ಲೇ ಕೆಲಸ. ಸೊಳೆ (ಹಲಸಿನ ತೊಳೆ) ಬೇಯಿಸುವುದು, ಕಡೆಯುವುದು, ಒತ್ತುವುದು, ಚಾಪೆಯ ಮೇಲೆ ಒಣಗಿಸುವುದು. ಉಡುಪಿ, ಮಣಿಪಾಲದ ಕೆಲವು ಅಂಗಡಿಗಳಿಗೆ ಕೊಡುತ್ತಿದ್ದರು. ರಜೆಗೆ ಬಂದ ಮುಂಬೈಯವರು ಕಟ್ಟು ಕಟ್ಟಾಗಿ ಕೊಂಡು ಹೋಗುತ್ತಿದ್ದರು.

ಹಲಸಿನ ಕೆಲಸ ಗೊತ್ತಿದ್ದವರಿಗೆ ಇದರ ಕಷ್ಟ ಗೊತ್ತು. ಹಪ್ಪಳಕ್ಕೆ ಬಲಿತ ಕಾಯಿ ಬೇಕು. ಅದು ಸಿಗುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಜೂನ್ ಬಂತೆಂದರೆ ಮಳೆ. ಬಿಸಿಲು ಹೋದರೆ ಹಪ್ಪಳ ಇಲ್ಲ. ಅಂದರೆ ವರ್ಷದ ವ್ಯಾಪಾರ ನಿಂತಿರುವುದು ಏಳೆಂಟು ವಾರದ ಮೇಲೆ. ಬೇರೆ ಉದ್ಯಮದವರಿಗೆ ಒಂದು ಕಾಗದ ಎರಡು ತಿಂಗಳು ತಡವಾದರೆ ಹೋಗುವುದು ಎರಡು ತಿಂಗಳು. ಇವರಿಗೆ ಹೋಗುವುದು ಒಂದು ವರ್ಷ. ಈ ಮಾತನ್ನು ನೆನಪಿನಲ್ಲಿ ಇಡಿ, ಮುಂದೆ ಎಲ್ಲ ಕಡೆ ಇದೇ ಬರುತ್ತದೆ.

2021ರ ದೀಪಾವಳಿ ಹೊತ್ತಿಗೆ ಬೆಂಗಳೂರಿನ ಒಬ್ಬ ವ್ಯಾಪಾರಿ ಹಪ್ಪಳ ತಿಂದು ನೋಡಿ ದೊಡ್ಡ ಆರ್ಡರ್ ಕೊಡುತ್ತೇನೆ ಎಂದರು. ಅವರ ಷರತ್ತು ಮೂರು. ಎಲ್ಲ ಹಪ್ಪಳ ಒಂದೇ ಅಳತೆಯಲ್ಲಿರಬೇಕು. ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇರಬೇಕು. ಮಳೆಗಾಲದಲ್ಲೂ ಮಾಲು ಸಿಗಬೇಕು. ಇದಕ್ಕೆ ಅಂಗಳ ಸಾಲುವುದಿಲ್ಲ. ಎಲ್ಲರೂ ಒಂದು ಜಾಗದಲ್ಲಿ ಸೇರಬೇಕು. ಒತ್ತುವ ಮೆಷಿನ್, ಡ್ರೈಯರ್, ಪ್ಯಾಕಿಂಗ್ ಕೋಣೆ ಬೇಕು. ನಾವು ಹಾಕಿದ ಲೆಕ್ಕ ಒಟ್ಟು 6 ಲಕ್ಷ ರೂಪಾಯಿ.

ಹಣದ ದಾರಿ ಇತ್ತು. ಕಿರು ಆಹಾರ ಸಂಸ್ಕರಣೆಗೆಂದು 2020ರಲ್ಲಿ ಕೇಂದ್ರ ಸರಕಾರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆ 35 ಶೇಕಡಾ ಸಹಾಯಧನ ಇತ್ತು. ಕರ್ನಾಟಕ ಸರಕಾರ ಅದಕ್ಕೆ ಇನ್ನೂ 15 ಶೇಕಡಾ ಸೇರಿಸಿತ್ತು. ಸಂಘದವರು ತಮ್ಮ ಕೈಯಿಂದ 10 ಶೇಕಡಾ ಹಾಕಿದರೆ ಸಾಕಿತ್ತು. 6 ಲಕ್ಷಕ್ಕೆ 60 ಸಾವಿರ. ಅದು ಸಂಘದ ಉಳಿತಾಯದಲ್ಲೇ ಇತ್ತು. ಇನ್ನು ಜಾಗ. ಸಂಘದ ಒಬ್ಬ ಅಕ್ಕನ ಮನೆಯಲ್ಲಿ ಹಿಂದೆ ಗೇರುಬೀಜ ತುಂಬಿಡುತ್ತಿದ್ದ ಒಂದು ಹಳೆಯ ಶೆಡ್ಡು ಖಾಲಿ ಇತ್ತು. ಹೆಂಚು ಗಟ್ಟಿ ಇತ್ತು, ಬಾವಿ ಪಕ್ಕದಲ್ಲೇ. "ಬಾಡಿಗೆ ಎಂತ ಬೇಡ, ಸುಮ್ನೆ ಬಿದ್ದುಕೊಂಡು ಉಂಟು, ಬಳಸಿ" ಎಂದರು ಅವರ ಮಾವ.

ಜನವರಿಯಲ್ಲಿ ಓಡಾಡಿದರೆ ಏಪ್ರಿಲ್‌ಗೆ ಕೆಲಸ ಶುರು ಮಾಡಬಹುದು ಎಂದು ಧೈರ್ಯ ಕೊಟ್ಟವನು ನಾನೇ.

ಸುತ್ತಾಟ

ಮೊದಲು ಬ್ಯಾಂಕಿಗೆ ಹೋದೆವು. ಪಂಚಾಯತಿನ ಪರವಾನಗಿ ತನ್ನಿ ಎಂದರು. ಪಂಚಾಯತಿಗೆ ಹೋದರೆ ಶೆಡ್ಡಿಗೆ ನೈನ್ ಇಲೆವೆನ್ ಉಂಟಾ ಎಂದು ಕೇಳಿದರು. ಕರಾವಳಿಯಲ್ಲಿ ಮನೆ ಕಟ್ಟಿದವರಿಗೆಲ್ಲ ಗೊತ್ತಿರುವ ಮಾತು ಇದು. ನಮೂನೆ 9 ಮತ್ತು 11, ಪಂಚಾಯತಿನ ಆಸ್ತಿ ದಾಖಲೆ. ಅದು ಬೇಕಾದರೆ ಜಾಗ ಕನ್ವರ್ಷನ್ ಆಗಿರಬೇಕು, ಅಂದರೆ ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸಿರಬೇಕು. ಕನ್ವರ್ಷನ್ ಆಗಬೇಕಾದರೆ ಜಾಗ ಅಳೆದು ಮಾಡಿದ 11ಇ ನಕ್ಷೆ ಬೇಕು. ನಕ್ಷೆಗೆ ಸರ್ವೆಯರ್ ಬರಬೇಕು. ಕರೆಂಟಿನ ಆಫೀಸಿಗೆ ಹೋದರೆ ಮೆಷಿನಿಗೆ ತ್ರೀ ಫೇಸ್ ಕೊಡಲು ಪಂಚಾಯತಿನ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಕೇಳಿದರು. ಪಂಚಾಯತಿನವರು, ಮೊದಲು ಎಷ್ಟು ಲೋಡ್ ಮಂಜೂರಾಗಿದೆ ಎಂದು ಬರೆಸಿಕೊಂಡು ಬನ್ನಿ ಎಂದರು. ಸಹಾಯಧನದ ವಿಷಯ ಕೇಳಲು ಹೋದಲ್ಲಿ ಇನ್ನೊಂದು ಪೆಟ್ಟು. ಆ ಯೋಜನೆಗೆ ಜಿಲ್ಲೆಗೊಂದು ಉತ್ಪನ್ನ ಆರಿಸುವ 'ಒಂದು ಜಿಲ್ಲೆ ಒಂದು ಉತ್ಪನ್ನ' ಲೆಕ್ಕದಲ್ಲಿ ಉಡುಪಿಗೂ ದಕ್ಷಿಣ ಕನ್ನಡಕ್ಕೂ ಬಂದದ್ದು ಮೀನಿನ ಉತ್ಪನ್ನ. ಹಲಸಿಗೆ ಸಿಗಲಿಕ್ಕಿಲ್ಲ ಎಂದರು ಅಲ್ಲಿದ್ದ ಒಬ್ಬರು.

ಯಾರೂ ಒರಟಾಗಿ ಮಾತಾಡಲಿಲ್ಲ. ಲಂಚವನ್ನೂ ಯಾರೂ ಕೇಳಲಿಲ್ಲ. ಪ್ರತಿಯೊಬ್ಬರೂ ಹೇಳಿದ್ದು ಒಂದೇ ತರದ ಮಾತು: "ಮೊದಲು ಅದು ತನ್ನಿ, ಆಮೇಲೆ ನೋಡುವ."

ಮಾರ್ಚ್ ಬಂತು. ಗಾಬರಿ ಶುರುವಾಯಿತು. ಪೇಟೆಯಲ್ಲಿ ಕಾಗದ ಮಾಡಿಸಿಕೊಡುವ ಒಬ್ಬರನ್ನು ಹಿಡಿದೆವು. ಅವರಿಗೆ 15 ಸಾವಿರ ಕೊಟ್ಟದ್ದು. ಅವರು ಎಲ್ಲ ಕಡೆ ಒಟ್ಟೊಟ್ಟಿಗೆ ಅರ್ಜಿ ಹಾಕುತ್ತೇನೆ ಎಂದರು. ಹಾಕಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಜನಪ್ರತಿನಿಧಿಯೊಬ್ಬರ ಕಡೆಯಿಂದ ಒಂದು ಪತ್ರವನ್ನೂ ಬರೆಸಿದೆವು. ಆ ಪತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ, 'ನಿಯಮಾನುಸಾರ ಕ್ರಮಕ್ಕೆ' ಎಂಬ ಷರಾ ಹೊತ್ತು ಅದೇ ಪಂಚಾಯತಿಗೆ ಬಂತು.

2022ರ ಮೇ ತಿಂಗಳಿನಲ್ಲಿ ಹಲಸು ಮರದಲ್ಲೇ ಹಣ್ಣಾಗಿ ಬಿತ್ತು. ಬೆಂಗಳೂರಿನವರು ಬೇರೆ ಕಡೆಯಿಂದ ಮಾಲು ತರಿಸಿಕೊಂಡರು. ಹೆಂಗಸರು ಎಂದಿನಂತೆ ಅಂಗಳದಲ್ಲಿ ಆದಷ್ಟು ಮಾಡಿದರು. ಓಡಾಟದಲ್ಲಿ ಕಳೆದ ದಿನಗಳಿಂದಾಗಿ ಅದೂ ಹಿಂದಿನ ವರ್ಷಕ್ಕಿಂತ ಕಡಿಮೆ.

ಒಂದು ಚೀಟಿಯೂ ಇಲ್ಲ

ಜೂನ್ ತಿಂಗಳ ಒಂದು ಮಧ್ಯಾಹ್ನ, ಜೋರು ಮಳೆ. ಸಂಘದ ಸಭೆ. ಬಿಟ್ಟುಬಿಡುವ ಎಂಬ ಮಾತು ಬಂದಿತ್ತು. ಲೆಕ್ಕ ಬರೆಯುವ ಹುಡುಗಿ ಡೈರಿ ತೆಗೆದು ಎಷ್ಟು ಸಲ ಎಲ್ಲೆಲ್ಲಿಗೆ ಹೋದದ್ದು ಎಂದು ಎಣಿಸಿದಳು. ಬಸ್ಸಿನ ಚಾರ್ಜು ಬರೆಯಬೇಕಲ್ವಾ, ಹಾಗಾಗಿ ತಾರೀಕು ಸಮೇತ ಇತ್ತು. 14 ಸಲ. ಆಮೇಲೆ ಅವಳು ಕೇಳಿದ ಪ್ರಶ್ನೆಯನ್ನು ನಾನು ಮರೆಯುವುದಿಲ್ಲ.

"ಸರ್, ನಾವು 14 ಸಲ ಹೋದದ್ದು. ಹೋದದ್ದಕ್ಕೆ ಒಂದು ಚೀಟಿ ಉಂಟಾ ನಮ್ಮ ಹತ್ರ?"

ಇರಲಿಲ್ಲ. ಎಲ್ಲ ಕಡೆ ಕೌಂಟರಿನಲ್ಲಿ ಬಾಯಿಮಾತಲ್ಲೇ ವಾಪಸ್ ಕಳಿಸಿದ್ದರು. ಅರ್ಜಿಯನ್ನು ಕೈಗೆ ತೆಗೆದುಕೊಂಡದ್ದೇ ಇಲ್ಲ. ಅಂದರೆ ಸರಕಾರದ ಪುಸ್ತಕದಲ್ಲಿ ಈ 11 ಮಂದಿ ಒಮ್ಮೆಯೂ ಯಾವ ಕಚೇರಿಗೂ ಹೋಗಿರಲಿಲ್ಲ. ಯಾರೂ ಅವರಿಗೆ ಇಲ್ಲ ಎಂದಿರಲಿಲ್ಲ. ಒಂದು ದಿನವೂ ತಡವಾಗಿರಲಿಲ್ಲ.

ಬ್ಯಾಂಕಿನಲ್ಲಿ ಅಷ್ಟು ವರ್ಷ ಕೂತವನು ನಾನು. ಇದು ನನಗೆ ಹೊಳೆಯಬೇಕಿತ್ತು. ನಮ್ಮ ರಾಜ್ಯದಲ್ಲಿ ಸಕಾಲ ಕಾಯ್ದೆ ಉಂಟು. 2011ರಲ್ಲಿ ಆದ ಕಾನೂನು, 2012ರಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ಇಷ್ಟು ದಿನದೊಳಗೆ ಮಾಡಬೇಕು ಎಂಬ ಗಡುವು ಉಂಟು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆದರೆ ಆ ಗಡಿಯಾರ ನಡೆಯಲು ಶುರುವಾಗುವುದು ಅರ್ಜಿ ಒಳಗೆ ಹೋದ ಮೇಲೆ. ಕೌಂಟರಿನ ಹೊರಗೆ ನಿಂತವರಿಗೆ ಗಡಿಯಾರವೇ ಇಲ್ಲ. ದೊಡ್ಡ ಉದ್ಯಮದವರು ಕನ್ಸಲ್ಟೆಂಟ್ ಕೈಲಿ ಅರ್ಜಿ ಹಾಕಿಸುತ್ತಾರೆ, ಆನ್‌ಲೈನಿನಲ್ಲಿ ದಿನಾಂಕ ಬೀಳುತ್ತದೆ. ಬಸ್ಸಿನಲ್ಲಿ ಬಂದು ಕೇಳುವವರು ಮಾತು ಕೇಳಿಕೊಂಡು ಹಿಂದೆ ಹೋಗುತ್ತಾರೆ. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ವಿಷಯ ಇದು.

ಅವತ್ತು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಯಾರು ಯಾರಿಂದ ಯಾವ ಕಾಗದ ಕೇಳುತ್ತಾರೆ ಎಂದು ಗೆರೆ ಎಳೆದು ಬರೆದೆವು. ಬರೆದು ಮುಗಿಸಿದಾಗ ಅದು ಒಂದು ಉಂಗುರದ ಹಾಗೆ ಕಂಡಿತು. ಪಂಚಾಯತ್ ಕರೆಂಟಿನ ಆಫೀಸನ್ನು ಕಾಯುತ್ತಿದೆ, ಕರೆಂಟಿನ ಆಫೀಸು ಪಂಚಾಯತನ್ನು ಕಾಯುತ್ತಿದೆ, ಬ್ಯಾಂಕು ಇಬ್ಬರನ್ನೂ ಕಾಯುತ್ತಿದೆ. ನಿಯಮ ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ. ಎಲ್ಲಿಂದ ಶುರು ಮಾಡಬೇಕು ಎಂದು ಹೇಳುವವರು ಮಾತ್ರ ಇಲ್ಲ.

ಎರಡು ತೀರ್ಮಾನ ಮಾಡಿದೆವು. ಇನ್ನು ಎಲ್ಲಿ ಹೋದರೂ ಬರೆದ ಅರ್ಜಿ ಕೊಡಬೇಕು, ಸೀಲು ಹಾಕಿಸಿಕೊಂಡೇ ಬರಬೇಕು. ಬೇಡ ಎಂದರೆ ಯಾವ ನಿಯಮದ ಪ್ರಕಾರ ಬೇಡ ಎಂದು ಬರಹದಲ್ಲಿ ಕೇಳಬೇಕು, ಮರ್ಯಾದೆಯಿಂದ.

ಕುಮ್ಕಿ ಎಂಬ ಗಂಟು

ಬರೆದು ಕೇಳಲು ಶುರು ಮಾಡಿದ ಮೇಲೆ ಉತ್ತರಗಳು ಬಂದವು. ಕೆಲವು ಅಡ್ಡಿಗಳು ಅಲ್ಲಿಗೇ ಮಾಯವಾದವು. ಬ್ಯಾಂಕು ಜಾಗದ ಜಾಮೀನು ಕೇಳಿತ್ತು. 10 ಲಕ್ಷದವರೆಗಿನ ಕಿರು ಉದ್ಯಮದ ಸಾಲಕ್ಕೆ ಆಸ್ತಿ ಅಡವು ಕೇಳಬಾರದು ಎಂದು ಆಗ ರಿಸರ್ವ್ ಬ್ಯಾಂಕಿನ ಸೂಚನೆ ಇತ್ತು. ಅದನ್ನು ನೆನಪಿಸಿ ಪತ್ರ ಕೊಟ್ಟೆವು. ಮ್ಯಾನೇಜರ್ ಹೊಸಬರು, ಓದಿ ನೋಡಿ ಆ ಬೇಡಿಕೆ ಬಿಟ್ಟರು. ಮೀನಿನ ಜಿಲ್ಲೆ ಎಂಬ ತೊಡಕೂ ಬಗೆಹರಿಯಿತು. ಮೊದಲಿಂದಲೇ ಆ ಕೆಲಸ ಮಾಡುತ್ತಿರುವ ಗುಂಪಿಗೆ ಬೇರೆ ಉತ್ಪನ್ನವಾದರೂ ಸಹಾಯ ಸಿಗಬಹುದು ಎಂದು ಯೋಜನೆಯ ಮಾರ್ಗಸೂಚಿಯಲ್ಲೇ ಇತ್ತು. ಮೊದಲಿಂದ ಮಾಡುತ್ತಿದ್ದೇವೆ ಎಂಬುದಕ್ಕೆ ಸಾಕ್ಷಿ ಬೇಕಿತ್ತು, ಅಷ್ಟೆ. ಅಂಗಡಿಗಳಿಗೆ ಹಪ್ಪಳ ಕೊಟ್ಟು ಸಹಿ ಹಾಕಿಸಿಕೊಂಡ ಹಳೆಯ ಪುಸ್ತಕ ಆಗ ಕೆಲಸಕ್ಕೆ ಬಂತು. ಎಣ್ಣೆ ಜಿಡ್ಡು ಹಿಡಿದ ಆ ಪುಸ್ತಕವನ್ನು ಮಳೆಗಾಲದ ಮೊದಲು ಒಲೆಗೆ ಹಾಕಲು ಹೊರಟಿದ್ದರಂತೆ.

ಆದರೆ ನಿಜವಾದ ಅಡ್ಡಿ ಸರ್ವೆ ಆದಾಗ ಸಿಕ್ಕಿತು. ಶೆಡ್ಡಿನ ಅರ್ಧ ಭಾಗ ವರ್ಗ ಜಾಗದಲ್ಲಿ, ಅಂದರೆ ಆ ಮನೆಯವರ ಸ್ವಂತ ಪಟ್ಟಾ ಜಾಗದಲ್ಲಿತ್ತು. ಇನ್ನರ್ಧ ಕುಮ್ಕಿಯಲ್ಲಿ.

ಕರಾವಳಿಯ ಹೊರಗಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ದಕ್ಷಿಣ ಕನ್ನಡದಲ್ಲಿ ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದ ಮೇಲೆ ಆ ವರ್ಗದಾರರಿಗೆ ಒಂದು ಸವಲತ್ತು ಉಂಟು. ಗದ್ದೆ ತೋಟಕ್ಕೆ ಸೊಪ್ಪು, ದರಗು, ಕಟ್ಟಿಗೆ, ಹುಲ್ಲು ತರಬಹುದು. 1964ರ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಈ ಸವಲತ್ತನ್ನು ಉಳಿಸಿಕೊಂಡಿದೆ. ಆದರೆ ಅದು ಸವಲತ್ತು, ಒಡೆತನ ಅಲ್ಲ. ತಲೆಮಾರಿನಿಂದ ಬಳಸಿದವರ ಮನಸ್ಸಿನಲ್ಲಿ ಅದು ನಮ್ಮ ಜಾಗ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಅದು ಸರಕಾರದ್ದು. ಇಂಥ ಜಾಗದಲ್ಲಿ ನಿಂತ ಕಟ್ಟಡಕ್ಕೆ ಕನ್ವರ್ಷನ್ ಆಗುವುದಿಲ್ಲ. ಹಾಗಾಗಿ ನೈನ್ ಇಲೆವೆನ್ ಇಲ್ಲ, ಡೋರ್ ನಂಬರ್ ಇಲ್ಲ, ಪರವಾನಗಿ ಇಲ್ಲ.

ನಮ್ಮ ಎರಡು ಜಿಲ್ಲೆಗಳ ಬೆಳವಣಿಗೆಯ ಬಗ್ಗೆ ಮಾತಾಡುವವರು ವಿಮಾನ ನಿಲ್ದಾಣ, ಬಂದರು, ಹೆದ್ದಾರಿ ಎನ್ನುತ್ತಾರೆ. ಅವೂ ಬೇಕು. ಆದರೆ ಹಳ್ಳಿಯಲ್ಲಿ ಒಂದು ಕಿರು ಉದ್ಯಮ ಎದ್ದು ನಿಲ್ಲಲು ಮೊದಲು ಬೇಕಾದದ್ದು ಕಾಗದ ಸರಿ ಇರುವ ನಾಲ್ಕು ಗೋಡೆ. ಮಂಗಳೂರಿನ ಬೈಕಂಪಾಡಿಯಲ್ಲೋ ಮಣಿಪಾಲದ ಶಿವಳ್ಳಿಯಲ್ಲೋ ಕೈಗಾರಿಕಾ ಪ್ರದೇಶದಲ್ಲಿ ಜಾಗ ತೆಗೆದುಕೊಂಡವರಿಗೆ ಆ ಗೋಡೆಯ ಚಿಂತೆ ಕಡಿಮೆ. ಅವರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ ಉಂಟು, 15 ಕೋಟಿ ರೂಪಾಯಿವರೆಗಿನ ಯೋಜನೆ ಅಲ್ಲೇ ತೀರ್ಮಾನ ಆಗುತ್ತದೆ. 2020ರಲ್ಲಿ ಕೈಗಾರಿಕೆಗಳ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು, ಪ್ರಮಾಣಪತ್ರ (ಅಫಿಡವಿಟ್) ಕೊಟ್ಟು ಕೆಲಸ ಶುರು ಮಾಡಿ, ಬಾಕಿ ಅನುಮತಿಗಳನ್ನು 3 ವರ್ಷದೊಳಗೆ ಪಡೆಯಿರಿ ಎಂಬ ಅವಕಾಶವನ್ನೂ ಕೊಟ್ಟರು. ಒಳ್ಳೆಯ ಕ್ರಮ. ಆದರೆ 6 ಲಕ್ಷದ ಹಪ್ಪಳದ ಶೆಡ್ಡಿಗೆ ಆ ದಾರಿ ಉಂಟು ಎಂದು ನಾವು ಹೋದ ಯಾವ ಕೌಂಟರಿನಲ್ಲೂ ಯಾರೂ ಹೇಳಲಿಲ್ಲ. ಮತ್ತು ಜಾಗವೇ ಸರಕಾರದ್ದಾದರೆ ಯಾವ ಪ್ರಮಾಣಪತ್ರವೂ ಕೆಲಸಕ್ಕೆ ಬರುವುದಿಲ್ಲ.

ಶೆಡ್ಡು ಬಿಡುವುದೋ ಹಿಡಿಯುವುದೋ

ನವೆಂಬರ್ 2022. ಸಂಘದ ಮುಂದೆ ಎರಡು ದಾರಿ ಇತ್ತು. ಕುಮ್ಕಿ ಭಾಗವನ್ನು ಮಂಜೂರು ಮಾಡಿಸಿಕೊಳ್ಳಲು ಆ ಮನೆಯವರು ಅರ್ಜಿ ಹಾಕುವುದು, ಅದು ಆಗುವವರೆಗೆ ಕಾಯುವುದು. ಇಲ್ಲವಾದರೆ ಬೇರೆ ಜಾಗ ಹುಡುಕುವುದು.

ಕೇಳಲು ಸುಲಭ. ಆದರೆ ಆ ಶೆಡ್ಡು ಕೊಟ್ಟ ಅಕ್ಕ ಸಂಘದ ಬೆನ್ನೆಲುಬು. ಅವರ ಮಾವ ಒಂದು ರೂಪಾಯಿ ಬಾಡಿಗೆ ಕೇಳದೆ ಕೊಟ್ಟದ್ದು. ಈಗ ಬೇಡ ಎಂದರೆ, ನಿಮ್ಮ ಜಾಗ ಕಳ್ಳ ಜಾಗ ಎಂದ ಹಾಗೆ ಆಗುತ್ತದೆ ಎಂದು ಹಲವರಿಗೆ ಅನಿಸಿತು. ಮೂರು ಸಭೆ ಆಯಿತು. ಸಂಘದ ಅಧ್ಯಕ್ಷೆ ಆ ಮನೆಗೆ ಹೋಗಿ ಹಿರಿಯರ ಹತ್ತಿರ ಕೂತು ಮಾತಾಡಿದರು. "ಮಾವ, ಜಾಗ ನಿಮ್ಮದೇ, ನಮಗೆ ಸಂಶಯ ಇಲ್ಲ. ಕಾಗದ ಆಗ್ಲಿಕ್ಕೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ಹಲಸು ಕಾಯುದಿಲ್ಲಲ್ಲ." ಹಿರಿಯರು ಏನೂ ಹೇಳಲಿಲ್ಲವಂತೆ. ಆ ಅಕ್ಕ ಎರಡು ತಿಂಗಳು ಸಭೆಗೆ ಬರಲಿಲ್ಲ. ಇನ್ನೊಬ್ಬರು ಸಂಘವನ್ನೇ ಬಿಟ್ಟರು.

ಆ ಹೊತ್ತಿನಲ್ಲಿ ನಾನು ಕಾಯುವ ಪಕ್ಷದಲ್ಲಿದ್ದೆ. ಸಂಬಂಧ ಕೆಡುವುದು ಬೇಡ ಎಂದು. ಈಗ ನೋಡಿದರೆ ಅಧ್ಯಕ್ಷೆಯ ತೀರ್ಮಾನವೇ ಸರಿ. ಕಾದಿದ್ದರೆ ಸಂಘವೇ ಉಳಿಯುತ್ತಿರಲಿಲ್ಲ.

ಗ್ರಾಮಸಭೆ

ಪಂಚಾಯತ್ ಕೆಲವು ವರ್ಷದ ಹಿಂದೆ ಹೊಸ ಕಟ್ಟಡಕ್ಕೆ ಹೋಗಿತ್ತು. ಹಳೆಯ ಕಟ್ಟಡದಲ್ಲಿ ಮುರಿದ ಕುರ್ಚಿ, ಹಳೆಯ ಬೀದಿದೀಪ ತುಂಬಿಟ್ಟಿದ್ದರು. ಅದಕ್ಕೆ ಡೋರ್ ನಂಬರ್ ಇದೆ, ನೀರಿದೆ, ಕರೆಂಟಿದೆ. ಎಲ್ಲರೂ ದಿನಾ ನೋಡುವ ಕಟ್ಟಡ. ನಮಗೆ ಅದು ಕಂಡದ್ದು ಅಷ್ಟು ಸುತ್ತಿದ ಮೇಲೆ.

ಹೊಸದಾಗಿ ಬಂದಿದ್ದ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ನಾವು ಕೇಳಿದ ತಕ್ಷಣ ಒಪ್ಪಲಿಲ್ಲ. ಒಂದು ಸಂಘಕ್ಕೆ ಕೊಟ್ಟರೆ ನಾಳೆ ಇನ್ನೊಬ್ಬರು ಕೇಳುತ್ತಾರೆ, ನಾನು ಏನು ಉತ್ತರ ಕೊಡಲಿ ಎಂದರು. ಆ ಮಾತು ನ್ಯಾಯವಾಗಿತ್ತು. ಅದರಿಂದಲೇ ಒಳ್ಳೆಯದಾಯಿತು. ನಮಗೊಂದು ಉಪಕಾರ ಮಾಡಿ ಎಂದು ಕೇಳುವುದನ್ನು ಬಿಟ್ಟು, ಎಲ್ಲರಿಗೂ ಆಗುವ ಹಾಗೆ ಒಂದು ಕ್ರಮ ಮಾಡಿ ಎಂದು ಕೇಳಿದೆವು. ಊರಿನಲ್ಲಿ ಕೇಳಿ ನೋಡಿದರೆ ನಮ್ಮ ಹಾಗೆಯೇ ಸಿಕ್ಕಿಬಿದ್ದವರು ಬೇರೆಯವರೂ ಇದ್ದರು. ಹಿಟ್ಟಿನ ಗಿರಣಿ ಇಡಬೇಕೆಂದಿದ್ದ ಒಬ್ಬರು, ಹೊಲಿಗೆಯ ನಾಲ್ಕು ಮೆಷಿನ್ ಹಾಕಬೇಕೆಂದಿದ್ದ ಇಬ್ಬರು ತಂಗಿಯರು, ಒಣಮೀನು ಪ್ಯಾಕ್ ಮಾಡುವ ಒಂದು ಮನೆಯವರು.

ಎಲ್ಲರೂ ಸೇರಿ ಗ್ರಾಮಸಭೆಗೆ ಹೋದೆವು. 2023ರ ಮಾರ್ಚ್ ಮೊದಲ ವಾರ. ವಿಧಾನಸಭಾ ಚುನಾವಣೆ ಹತ್ತಿರ ಬಂದಿತ್ತು. ನೀತಿ ಸಂಹಿತೆ ಬಂದರೆ ಎಲ್ಲ ನಿಲ್ಲುತ್ತದೆ ಎಂದು ಪಿಡಿಒ ಮೊದಲೇ ಎಚ್ಚರಿಸಿದ್ದರು. ಅದು ಬಂದದ್ದು ಮಾರ್ಚ್ 29ಕ್ಕೆ. ಅಂದರೆ ನಮಗೆ ಸಿಕ್ಕಿದ್ದು ಮೂರೂವರೆ ವಾರ.

ಪಂಚಾಯತ್ ಮಾಡಿದ ನಿರ್ಣಯದಲ್ಲಿ ಇದ್ದದ್ದು ಸಣ್ಣ ಸಣ್ಣ ಮಾತುಗಳು. ಕಿರು ಘಟಕಕ್ಕೆ ಯಾವ ಯಾವ ಕಾಗದ ಬೇಕು ಎಂದು ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಾಕಬೇಕು. ಅರ್ಜಿ ಅಪೂರ್ಣವಾಗಿದ್ದರೂ ತೆಗೆದುಕೊಂಡು ತಾರೀಕು ಹಾಕಿ ಸ್ವೀಕೃತಿ ಕೊಡಬೇಕು. ಕೊರತೆ ಇದ್ದರೆ 15 ದಿನದೊಳಗೆ ಎಲ್ಲವನ್ನೂ ಒಂದೇ ಸಲ ಬರೆದು ತಿಳಿಸಬೇಕು, ಒಂದೊಂದಾಗಿ ಹೇಳಬಾರದು. ಖಾಲಿ ಇರುವ ಪಂಚಾಯತ್ ಕೋಣೆಗಳನ್ನು ಮೊದಲು ಇಂಥ ಘಟಕಗಳಿಗೆ ಬಾಡಿಗೆಗೆ ಕೊಡಬೇಕು. ತಿಂಗಳಿಗೊಮ್ಮೆ ಗ್ರಾಮ ಲೆಕ್ಕಿಗರು, ಕರೆಂಟಿನ ಆಫೀಸಿನವರು, ಬ್ಯಾಂಕಿನವರು ಪಂಚಾಯತಿನಲ್ಲಿ ಒಂದು ಗಂಟೆ ಒಟ್ಟಿಗೆ ಕೂರುವಂತೆ ಕೇಳಿಕೊಳ್ಳಬೇಕು.

ಹೊಸ ಕಾನೂನು ಒಂದೂ ಬೇಕಾಗಲಿಲ್ಲ. ಯಾವ ನಿಯಮವನ್ನೂ ಸಡಿಲ ಮಾಡಲಿಲ್ಲ. ಮೊದಲ ಜಂಟಿ ಗಂಟೆಯಲ್ಲೇ ಆ ಉಂಗುರ ಬಿಚ್ಚಿತು. ಲೋಡ್ ಎಷ್ಟು ಎಂದು ಕರೆಂಟಿನವರು ಅಲ್ಲೇ ಬರೆದರು, ಪಂಚಾಯತಿನವರು ಅಲ್ಲೇ ಎನ್‌ಒಸಿ ಬರೆದರು. ಒಂದು ವರ್ಷದಿಂದ ಒಬ್ಬರನ್ನೊಬ್ಬರು ಕಾಯುತ್ತಿದ್ದವರ ನಡುವೆ ಇದ್ದದ್ದು ಒಂದು ಮೇಜು.

ಅಲ್ಲೇ ಇನ್ನೊಂದು ಸಂಗತಿ ತಿಳಿಯಿತು. ಆ ಕಡೆಯ ಟಿಸಿ (ಟ್ರಾನ್ಸ್‌ಫಾರ್ಮರ್) ತುಂಬಿಹೋಗಿದೆ, ಕರೆಂಟಿನ ಡ್ರೈಯರ್ ತಾಳುವುದಿಲ್ಲ. ಹೊಸ ಟಿಸಿಗೆ ಯಾವಾಗ ಎಂದು ಹೇಳಲಾಗುವುದಿಲ್ಲ. ಇದನ್ನು ಒಂದು ವರ್ಷದ ಹಿಂದೆ ಹೇಳಿದ್ದರೆ ಯೋಜನೆಯನ್ನೇ ಬೇರೆ ರೀತಿ ಬರೆಯುತ್ತಿದ್ದೆವು. ಆ ಸಂಜೆಯೇ ತೀರ್ಮಾನ ಬದಲಾಯಿತು. ಕಟ್ಟಿಗೆ ಡ್ರೈಯರ್ ಸಾಕು. ತೆಂಗಿನ ಸಿಪ್ಪೆ, ಗೆರಟೆ ಊರಿನಲ್ಲಿ ಬೇಕಾದಷ್ಟು ಉಂಟು.

ಎರಡು ಸೀಸನ್

ತಿಂಗಳಿಗೆ 1,500 ರೂಪಾಯಿ ಬಾಡಿಗೆ, 3 ವರ್ಷದ ಕರಾರು. ಹಳೆಯ ಕಟ್ಟಡ ಗುಡಿಸಿ ಸುಣ್ಣ ಬಳಿದರು. ಎಫ್‌ಎಸ್‌ಎಸ್‌ಎಐ ನೋಂದಣಿ ಎಲ್ಲಕ್ಕಿಂತ ಬೇಗ ಆಯಿತು. ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಆಗ ಶುಲ್ಕ ವರ್ಷಕ್ಕೆ 100 ರೂಪಾಯಿ. ಕಿರು ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗೆ ಹಣವೇ ಇಲ್ಲ.

ಬ್ಯಾಂಕಿನ ಸಾಲ ಮಾತ್ರ ಚುನಾವಣೆ ಮುಗಿಯುವವರೆಗೆ ಮುಂದೆ ಹೋಗಲಿಲ್ಲ. ಸಹಾಯಧನದ ಸಮಿತಿ ಸಭೆಯೇ ಸೇರಲಿಲ್ಲ. ಕಾಯುವುದೋ ಶುರು ಮಾಡುವುದೋ? ಈ ಸಲ ಯಾರೂ ಹಿಂದೆ ಮುಂದೆ ನೋಡಲಿಲ್ಲ. 60 ಸಾವಿರವನ್ನು ಮುಟ್ಟದೆ, ಸಂಘದ ಒಳಸಾಲದಿಂದ ಕೈಯಲ್ಲಿ ಒತ್ತುವ ಎರಡು ಮೆಷಿನ್ ತಂದು, ಕಟ್ಟಡದ ತಾರಸಿಯಲ್ಲಿ ಒಣಗಿಸಿ ಕೆಲಸ ಶುರು ಮಾಡಿದರು. ಆ ವರ್ಷ ಮುಂಗಾರು ತಡವಾಗಿ ಬಂತು, ಕೇರಳಕ್ಕೇ ಜೂನ್ 8ಕ್ಕೆ. ಎಲ್ಲರೂ ಸೆಖೆ ಎಂದು ಒದ್ದಾಡುತ್ತಿದ್ದಾಗ ಇವರಿಗೆ ಒಂದು ವಾರ ಜಾಸ್ತಿ ಬಿಸಿಲು ಸಿಕ್ಕಿತು. ಅರ್ಧ ಸೀಸನ್ ಕೈಗೆ ಬಂತು.

ಜೂನ್‌ನಲ್ಲೇ ಒಂದು ಪೆಟ್ಟೂ ಬಿತ್ತು. ಹಲಸಿನ ಸಿಪ್ಪೆ, ಗೂಂಜನ್ನು (ನಡುವಿನ ದಿಂಡನ್ನು) ಕಟ್ಟಡದ ಹಿಂದೆ ರಾಶಿ ಹಾಕಿದ್ದರು. ಮಳೆ ಬಿದ್ದು ಕೊಳೆತು ನೊಣ, ವಾಸನೆ. ಪಕ್ಕದ ಮನೆಯವರು ದೂರು ಕೊಟ್ಟರು. ಸಂಘದ ಕೆಲವರಿಗೆ ಸಿಟ್ಟು ಬಂತು, ನಮ್ಮ ಏಳಿಗೆ ನೋಡಲಾಗದೆ ಕೊಟ್ಟದ್ದು ಎಂದು. ಆದರೆ ದೂರು ನಿಜವಾಗಿತ್ತು. ಬಾವಿಯೂ ಹತ್ತಿರ ಇತ್ತು. ಪಂಚಾಯತ್ ಪರವಾನಗಿಗೆ ಹೊಸ ಷರತ್ತು ಸೇರಿಸಿತು: ಸಿಪ್ಪೆಯನ್ನು ಅದೇ ದಿನ ಸಾಗಿಸಬೇಕು, ತೊಳೆದ ನೀರಿಗೆ ಇಂಗುಗುಂಡಿ ಬೇಕು. ದನ ಸಾಕುವ ನಾಲ್ಕು ಮನೆಯವರು ಸಿಪ್ಪೆ ಕೊಂಡು ಹೋಗಲು ಒಪ್ಪಿದರು. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣ ಉಂಟು. ಅಡ್ಡಿ ತೆಗೆಯಬೇಕು ಎಂದು ಹೊರಟವರು ಎಲ್ಲ ನಿಯಮವನ್ನೂ ಅಡ್ಡಿ ಎಂದುಕೊಳ್ಳುತ್ತಾರೆ. ನೆರೆಮನೆಯ ಬಾವಿ ಕಾಯುವ ನಿಯಮ ಬೇರೆ. ಇನ್ನೊಂದು ಕಚೇರಿಯ ಕಾಗದಕ್ಕಾಗಿ ಸುಮ್ನೆ ಕಾಯಿಸುವ ನಿಯಮ ಬೇರೆ. ಎರಡನೆಯದು ಹೋಗಬೇಕು, ಮೊದಲನೆಯದು ಮೊದಲೇ ಇರಬೇಕಿತ್ತು.

ಆಗಸ್ಟಿನಲ್ಲಿ 5 ಲಕ್ಷ 40 ಸಾವಿರ ಸಾಲ ಮಂಜೂರಾಯಿತು. ಸಹಾಯಧನ 3 ಲಕ್ಷ. ಅದು ಕೈಗೆ ಬರುವ ಹಣ ಅಲ್ಲ ಎಂದು ಹೆಂಗಸರಿಗೆ ಗೊತ್ತಿರಲಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಇರುತ್ತದೆ, 3 ವರ್ಷ ಕಂತು ಸರಿಯಾಗಿ ಕಟ್ಟಿ ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮೆ ಆಗುತ್ತದೆ. ಇಂಥ ಯೋಜನೆಗೆ ಹೋಗುವವರಿಗೆ ಇದನ್ನು ಮೊದಲ ದಿನವೇ ಹೇಳಬೇಕು. ನಾನು ಹೇಳಿರಲಿಲ್ಲ, ಅದರಿಂದ ಬೇಸರವಾಯಿತು.

ಡ್ರೈಯರ್ ಬಂತು. 2024ರಲ್ಲಿ ಪೂರ್ತಿ ಸೀಸನ್ ಸಿಕ್ಕಿತು. ಜುಲೈಯ ಮಳೆಯಲ್ಲೂ ಹಪ್ಪಳ ಒಣಗುವುದನ್ನು ನೋಡಲು ಊರಿನವರು ಬಂದರು. ಬೆಂಗಳೂರಿನವರು ಮತ್ತೆ ಆರ್ಡರ್ ಕೊಟ್ಟರು, ಮೊದಲು ಹೇಳಿದ್ದರ ಅರ್ಧದಷ್ಟು. 10 ಮಂದಿಗೆ ಸೀಸನ್ನಿನಲ್ಲಿ ದಿನಾ ಕೆಲಸ. ದೊಡ್ಡ ಯಶಸ್ಸು ಎಂದು ಹೇಳುವುದಿಲ್ಲ. ಕಂತು ತಪ್ಪಿಲ್ಲ.

ಉಡುಪಿಯಲ್ಲಿ ಈ ಮಾತು ಹೇಳುವಾಗ ನನಗೆ ಯಾವಾಗಲೂ ಪಿಗ್ಮಿ ನೆನಪಾಗುತ್ತದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1925ರಲ್ಲಿ ಇಲ್ಲಿ ಹುಟ್ಟಿತು. 1928ರಲ್ಲಿ ಅದು ದಿನಕ್ಕೆ 2 ಆಣೆಯಂತೆ ಉಳಿತಾಯ ಸಂಗ್ರಹಿಸಲು ಶುರು ಮಾಡಿತು. ಬ್ಯಾಂಕಿಗೆ ಬನ್ನಿ ಎಂದು ಕರೆಯಲಿಲ್ಲ, ಜನರ ಬಾಗಿಲಿಗೆ ಹೋಯಿತು. ನೂರು ವರ್ಷದ ಹಿಂದೆ 2 ಆಣೆಗಾಗಿ ಮನೆ ಬಾಗಿಲಿಗೆ ಹೋದ ಊರು ಇದು. ಒಂದು ಅರ್ಜಿ ತೆಗೆದುಕೊಂಡು ಸೀಲು ಹಾಕಿಕೊಡುವುದು ನಮ್ಮಿಂದ ಆಗದ ಕೆಲಸ ಅಲ್ಲ.

ಏನು ಉಳಿಯಿತು

ಜಂಟಿ ಗಂಟೆ ಮೂರು ತಿಂಗಳು ನಡೆಯಿತು. ಆಮೇಲೆ ಕರೆಂಟಿನ ಆಫೀಸಿನವರಿಗೆ ವರ್ಗಾವಣೆ ಆಯಿತು, ಹೊಸಬರು ಬರಲಿಲ್ಲ. ಪಂಚಾಯತ್ ಕರೆಯಬಹುದು, ಬರಲೇಬೇಕು ಎನ್ನಲಾಗದು. 2023ರ ಮಧ್ಯದಲ್ಲಿ ಪಂಚಾಯತಿನ ಅಧ್ಯಕ್ಷರ ಮೊದಲ 30 ತಿಂಗಳು ಮುಗಿದು ಹೊಸಬರು ಬಂದರು. ಅವರಿಗೆ ಈ ವಿಷಯದಲ್ಲಿ ಅಷ್ಟು ಆಸಕ್ತಿ ಇರಲಿಲ್ಲ. ಆದರೂ ಸ್ವೀಕೃತಿ ಕೊಡುವ ಕ್ರಮ ನಿಲ್ಲಲಿಲ್ಲ. ಯಾಕೆಂದರೆ ಅದು ನಿರ್ಣಯದ ಪುಸ್ತಕದಲ್ಲಿ ಬರೆದಿತ್ತು, ಮತ್ತು ಜನರಿಗೆ ಕೇಳಿ ಅಭ್ಯಾಸವಾಗಿತ್ತು. ಒಬ್ಬರ ಒಳ್ಳೆಯ ಮನಸ್ಸಿನಿಂದ ನಡೆದದ್ದು ಅವರು ಹೋದಾಗ ಹೋಯಿತು. ಬರೆದಿಟ್ಟದ್ದು ಉಳಿಯಿತು. ಆ ಜಂಟಿ ಗಂಟೆಯನ್ನು ಜಿಲ್ಲಾ ಮಟ್ಟದಲ್ಲಿ ಒಂದು ಆದೇಶವಾಗಿ ಮಾಡಿದರೆ ಎಲ್ಲ ಪಂಚಾಯತಿಗೂ ಆಗುತ್ತದೆ, ಖರ್ಚೂ ಇಲ್ಲ. ಇದನ್ನು ಬರೆದು ಕೊಟ್ಟಿದ್ದೇವೆ, ಸ್ವೀಕೃತಿ ಸಮೇತ.

ಹಿಟ್ಟಿನ ಗಿರಣಿ ಶುರುವಾಗಿದೆ. ತಂಗಿಯರ ಹೊಲಿಗೆ ಮೆಷಿನ್‌ಗಳು ಹಳೆಯ ಕಟ್ಟಡದ ಇನ್ನೊಂದು ಕೋಣೆಯಲ್ಲಿವೆ. ಒಣಮೀನಿನವರು ಬೇರೆ ಕಡೆ ಹೋದರು.

ಶೆಡ್ಡಿನ ಮನೆಯ ಅಕ್ಕ 2023ರ ಏಪ್ರಿಲ್‌ನಲ್ಲಿ, ಮೊದಲ ದಿನ ಸೊಳೆ ಬಿಡಿಸಲು ಕೂತಾಗ, ತಾವಾಗಿಯೇ ಬಂದು ಕೂತರು. ಯಾರೂ ಏನೂ ಕೇಳಲಿಲ್ಲ. ಕುಮ್ಕಿ ಭಾಗಕ್ಕೆ ಅವರ ಮಾವ ಹಾಕಿದ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಸೀಲು ಬಿದ್ದ ಪ್ರತಿಯನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ.